ದೊಡ್ಡಪ್ಪನ ಕಂಪ್ಯೂಟರ್

ವಿರಾಜಪೇಟೆಯಲ್ಲಿ ದೊಡ್ಡಪ್ಪನ ಕಂಪ್ಯೂಟರ್ ಸರಿಮಾಡುತ್ತಾ ಕೂತಿದ್ದೇನೆ. ಕಾಫಿ ರೇಟು ನೋಡೋಣ ಅಂತ ಬ್ರೌಸರ್ ತೆರೆದರೆ ಸಾಕು, ಒಂದರ ಮೇಲೊಂದು ಜಾಹೀರಾತು. ವೈರಸ್ ಹೊಕ್ಕಿರಬೇಕು ಅನ್ನಿಸಿತು. ಮೊದಲು ಇಂಟರ್ನೆಟ್ ಕಿತ್ತೆ. ಕದ್ದ ಮಾಹಿತಿ ಹೊರಗೆ ಹೋಗಬಾರದಲ್ವಾ? ಆಮೇಲೆ ವಿಂಡೋಸ್ ಜೊತೆಗೇ ಬರುವ, ವೈರಸ್ ಹಿಡಿಯುವ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಹಾಕಿದೆ. ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಅದು ಹುಡುಕುತ್ತದೆ, ಹಾಗಾಗಿ ಅಡಗಿ ಕೂತ ವೈರಸ್ಸಿಗೂ ತಪ್ಪಿಸಿಕೊಳ್ಳುವುದು ಕಷ್ಟ. ಬ್ಯಾಂಕ್ ಪಾಸ್‌ವರ್ಡನ್ನು ಮಾತ್ರ ದೊಡ್ಡಪ್ಪ ತಮ್ಮ ಫೋನಿನಲ್ಲೇ ಬದಲಿಸಿದರು.

"ನಾನೇ ಏನೋ ತಪ್ಪು ಒತ್ತಿದೆ ಮಗಾ" ಅಂದರು. ತುಂಬಾ ಬೇಜಾರಾಯಿತು. ಮನೆಗೆ ಕಳ್ಳ ನುಗ್ಗಿದರೆ ಮನೆಯವರನ್ನು ಬೈಯುತ್ತೇವಾ? ಇಲ್ಲಿ ಮಾತ್ರ ವಯಸ್ಸಾದವರೇ ಸುಮ್ನೆ ನಾಚಿಕೆಪಟ್ಟುಕೊಂಡು, ಯಾರಿಗೂ ಹೇಳದೆ ಕೂರುತ್ತಾರೆ.

ಇದರಲ್ಲಿ ಇನ್ನೂ ವಿಂಡೋಸ್ 10 ಇದೆ. 2025ರ ಅಕ್ಟೋಬರ್ 14ಕ್ಕೇ ಅದರ ಮಾಮೂಲಿ ಬೆಂಬಲ ಮುಗಿದಿದೆ. ಈ ಮೆಷಿನ್‌ಗೆ 11 ಹಿಡಿಸುತ್ತಾ ಅಂತ ನಾಳೆ ನೋಡಬೇಕು.