ಮೋದಿಕಾ: ಚಾಕೊಲೇಟ್ ಊರಿಗೆ ಹೋಗುವವರಿಗೆ

ಇಟಲಿಯ ಸಿಸಿಲಿ ದ್ವೀಪದ ಮೋದಿಕಾಗೆ ಭಾನುವಾರ ಹೊರಡಬೇಡಿ. ಕತಾನಿಯಾ ವಿಮಾನ ನಿಲ್ದಾಣದಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ ಅಷ್ಟೇ. ಆದರೆ ವೇಳಾಪಟ್ಟಿಯಲ್ಲಿದ್ದ ನಮ್ಮ ಬಸ್ಸು ಬರಲೇ ಇಲ್ಲ. ಕೌಂಟರ್ ಮುಚ್ಚಿತ್ತು. ಮುಂದಿನ ಬಸ್ಸು ಬಂದಾಗ ಬಿಸಿಲಿಗೆ ಬೆಂದ ಜನರೆಲ್ಲ ಒಟ್ಟಿಗೆ ನುಗ್ಗಿದರು. ನಾನು ಲಗೇಜನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ, ಪಕ್ಕದವರ ಮೊಣಕೈ ನನ್ನ ಪಕ್ಕೆಯಲ್ಲಿತ್ತು. ಕೋಣೆಯದು ಇನ್ನೊಂದು ಕಥೆ: 'ಊರಿನ ನೋಟ' ಎಂದು ದುಬಾರಿ ಬಾಡಿಗೆ ಕಿತ್ತುಕೊಂಡು, ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಮೇಲೂರು ಕೆಳಗೂರು ಎಂದು ಎರಡು ಭಾಗವಾಗಿರುವ ಊರಿದು, ನಡುವೆ ಬರೀ ಮೆಟ್ಟಿಲು. ಸಾನ್ ಜಾರ್ಜೊ ಚರ್ಚಿಗೇ ಸುಮಾರು 250 ಇವೆ. ಮಂಡಿ ನೋವಿದ್ದವರು ಕೆಳಗಿನ ಕೋರ್ಸೊ ಉಂಬೆರ್ತೊ ರಸ್ತೆಯ ಬಳಿಯೇ ಕೋಣೆ ಹಿಡಿಯುವುದು ಲೇಸು.

ಅದೇ ರಸ್ತೆಯಲ್ಲಿದೆ ಅಂತೀಕಾ ದೋಲ್ಚೆರಿಯಾ ಬೊನಾಯೂತೊ. ಫ್ರಾಂಚೆಸ್ಕೊ ಬೊನಾಯೂತೊ 1880ರಲ್ಲಿ ತೆರೆದ ಚಾಕೊಲೇಟ್ ಅಂಗಡಿ. ಅದಕ್ಕೆ ಒಂದು ವರ್ಷ ಮೊದಲು, 1879ರಲ್ಲಿ, ಸ್ವಿಟ್ಜರ್ಲೆಂಡಿನ ರೊಡಾಲ್ಫ್ ಲಿಂಟ್ ಚಾಕೊಲೇಟನ್ನು ಗಂಟೆಗಟ್ಟಲೆ ಅರೆದು ನುಣುಪಾಗಿಸುವ ಯಂತ್ರ ಕಂಡುಹಿಡಿದಿದ್ದ. ಯುರೋಪೆಲ್ಲ ನುಣುಪಿನ ಹಿಂದೆ ಬಿದ್ದರೂ ಮೋದಿಕಾ ಹೋಗಲಿಲ್ಲ. ಇಲ್ಲಿ ಕೋಕೋ ಮುದ್ದೆಯನ್ನು 40–45 ಡಿಗ್ರಿಯಷ್ಟೇ ಬಿಸಿ ಮಾಡಿ ಸಕ್ಕರೆ ಬೆರೆಸುತ್ತಾರೆ. ಆ ಶಾಖಕ್ಕೆ ಸಕ್ಕರೆ ಕರಗುವುದಿಲ್ಲ. ಹಾಲಿಲ್ಲ, ಮೇಲಿಂದ ಸೇರಿಸಿದ ಕೋಕೋ ಬೆಣ್ಣೆಯೂ ಇಲ್ಲ. ಬಾಯಿಗೆ ಹಾಕಿದರೆ ಕೊಬ್ಬರಿ ಮಿಠಾಯಿಯಂತೆ ಹರಳು ಹರಳಾಗಿ ಹಲ್ಲಿಗೆ ಸಿಗುತ್ತದೆ. ಸ್ಪೇನಿನ ಆಳ್ವಿಕೆಯಲ್ಲಿ ಮೆಕ್ಸಿಕೋ ಕಡೆಯಿಂದ ಬಂದ ವಿಧಾನ ಎಂಬುದು ಊರಿನವರ ಹೆಮ್ಮೆ. ಮರೆತುಹೋಗುವುದರಲ್ಲಿದ್ದ ಈ ಚಾಕೊಲೇಟಿಗೆ 1990ರ ದಶಕದಲ್ಲಿ ಅದೇ ಮನೆತನದ ಫ್ರಾಂಕೊ ರೂತಾ ಮತ್ತೆ ಜೀವ ಕೊಟ್ಟರು. 2018ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತೂ (ಇಟಲಿಯಲ್ಲಿ ಇದಕ್ಕೆ ಐಜಿಪಿ ಎನ್ನುತ್ತಾರೆ) ಬಂತು. ಹಾಗಾಗಿ ಲಕೋಟೆಯ ಮೇಲೆ ಐಜಿಪಿ ಮುದ್ರೆ ಇಲ್ಲದ್ದನ್ನು 'ಮೋದಿಕಾದ್ದೇ' ಎಂದು ಯಾರಾದರೂ ಮಾರಿದರೆ ನಂಬಬೇಡಿ.

ದಾಲ್ಚಿನ್ನಿಯದನ್ನು ಕೊಳ್ಳಿ. ಮೆಣಸಿನಕಾಯಿಯದು ನಮ್ಮ ನಾಲಿಗೆಗೆ ಖಾರವೇ ಅಲ್ಲ.

ಸಸ್ಯಾಹಾರಿಗಳು ಗಮನಿಸಿ. ಇಲ್ಲಿ 'ಎಂಪನಾತಿಗ್ಗಿ' ಎಂಬ ಅರ್ಧಚಂದ್ರಾಕಾರದ ಬಿಸ್ಕತ್ತು ಸಿಗುತ್ತದೆ, ಥೇಟ್ ನಮ್ಮ ಕರಿಗಡುಬು. ಒಳಗೆ ಚಾಕೊಲೇಟ್ ಮತ್ತು ಬಾದಾಮಿಯ ಜೊತೆ ಅರೆದ ದನದ ಮಾಂಸವಿರುತ್ತದೆ. ರುಚಿಯಲ್ಲಿ ಮಾಂಸ ಗೊತ್ತೇ ಆಗುವುದಿಲ್ಲ, ಕೇಳದೆ ತಿನ್ನಬೇಡಿ.

ಹೊಟ್ಟೆಗೆ ಮಾತ್ರ ಈ ಊರು ಮೋಸ ಮಾಡಲಿಲ್ಲ. ಕೋರ್ಸೊದ ಹಿಂದಿನ ಓಣಿಯಲ್ಲೊಂದು ಬೇಕರಿ, ಕುರ್ಚಿ ಮೇಜಿಲ್ಲ. ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಮೇಲೆ ಟೊಮೇಟೊ ಸಾರ, ಕಾಚೊಕವಾಲ್ಲೊ ಚೀಸ್ ಹರಡಿ ಪದರ ಪದರವಾಗಿ ಮಡಚಿ ಸುಟ್ಟ ಸ್ಕಾಚಾ ಇಡುತ್ತಾರೆ. ಅಂಚು ಕರುಮ್ ಎನ್ನುತ್ತದೆ, ಒಳಗೆ ರಸ ಇಂಗಿ ಮೆತ್ತಗಿರುತ್ತದೆ. ಬದನೆಕಾಯಿಯದೂ ಇದೆ, ಈರುಳ್ಳಿಯದೂ ಇದೆ. ಕೆಲವೇ ಯೂರೋಗಳಿಗೆ ಮಧ್ಯಾಹ್ನದ ಊಟ ಮುಗಿಯಿತು. ಅಜ್ಜಿಯೊಬ್ಬರು ಕತ್ತರಿಯಲ್ಲಿ ತುಂಡು ಮಾಡಿ, ಕಾಗದದಲ್ಲಿ ಸುತ್ತಿ, ನಾನು ತಿನ್ನುವುದನ್ನು ನೋಡುತ್ತಾ ಇನ್ನೊಂದು ತುಂಡನ್ನು ಸುಮ್ಮನೆ ಕೊಟ್ಟರು. ಬೆಳಿಗ್ಗೆ ಹೋಗಿ, ಮಧ್ಯಾಹ್ನ ಊರೇ ಬಾಗಿಲು ಹಾಕಿ ಮಲಗುತ್ತದೆ.

ಡಿಸೆಂಬರಿನ ಚಾಕೊಲೇಟ್ ಉತ್ಸವದ ಗದ್ದಲ ನನಗಂತೂ ಬೇಡ. ಬೇಸಿಗೆಯಲ್ಲಿ ಕೊಂಡರೆ ಚಾಕೊಲೇಟಿನ ಮೇಲೆ ಬಿಳಿ ಪುಡಿ ಕಾಣಬಹುದು. ಅದು ಬೂಷ್ಟಲ್ಲ, ಶಾಖಕ್ಕೆ ಮೇಲೆದ್ದ ಕೋಕೋ ಬೆಣ್ಣೆ, ಧಾರಾಳವಾಗಿ ತಿನ್ನಿ.