ಬೆನ್ನ ಮೇಲೆ ಹದಿನಾರು ಯಾಕೆ?

"ಆಟ ಬಿಟ್ಟು ಇಷ್ಟು ವರ್ಷ ಆಯ್ತು, ಅದೂ ರಷ್ಯಾದವನು. ಡೆಟ್ರಾಯಿಟ್‌ನವರಿಗೆ ಅವನ ಮೇಲೆ ಇನ್ನೂ ಯಾಕೆ ಅಷ್ಟು ಪ್ರೀತಿ? ಅಯ್ಯೋ ಪಾಪ ಅಂತಾನಾ?"

ಡೆಟ್ರಾಯಿಟ್‌ನ ಐಸ್ ಹಾಕಿ ತಂಡ ರೆಡ್ ವಿಂಗ್ಸ್‌ನಲ್ಲಿ ಆಡುತ್ತಿದ್ದ ವ್ಲಾಡಿಮಿರ್ ಕಾನ್‌ಸ್ಟಾಂಟಿನೋವ್ ಹೆಸರು, ಅವನ ಹದಿನಾರನೇ ನಂಬರ್ ಇರುವ ಕೆಂಪು ಜೆರ್ಸಿ ಹಾಕಿಕೊಂಡು ಹೊರಟಾಗೆಲ್ಲ ಊರಿಂದ ಬಂದ ನೆಂಟರು ಇದನ್ನು ಕೇಳಿಯೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ "ಪಾಪ" ಬಿಡಿ. ಜನ ಅವನನ್ನು ಮೆಚ್ಚಿದ್ದು ಗಾಲಿಕುರ್ಚಿಗೆ ಬರುವ ಮೊದಲೇ. ಮುರ್ಮಾನ್‌ಸ್ಕ್‌ನ ಹುಡುಗ, ಡಿಫೆನ್ಸ್ ಆಟಗಾರ, ಅಂಥ ದೈತ್ಯನೂ ಅಲ್ಲ. 1989ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, 220 ಜನರ ಹೆಸರು ಕೂಗಿದ ಮೇಲೆ ಇವನ ಹೆಸರು ಬಂತು. ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ನೋಡುತ್ತಾ ತಲೆ ಬಗ್ಗಿಸಿ ಬಂದವನಿಗೆ ಅಡ್ಡಬಂದು ಸೊಂಟ ಕೊಟ್ಟನೆಂದರೆ ಎದುರಾಳಿಯ ಕಾಲು ಮೇಲೆ, ತಲೆ ಕೆಳಗೆ. 1995–96ರಲ್ಲಿ ಅವನ ಪ್ಲಸ್-ಮೈನಸ್ ಲೆಕ್ಕ +60, ಇಡೀ ಲೀಗ್‌ಗೇ ಹೆಚ್ಚು. ಎದುರಾಳಿಯ ಆಟಗಾರ ಶಿಕ್ಷೆಯಾಗಿ ಹೊರಗಿದ್ದಾಗ ಹೊಡೆಯುವ ಪವರ್ ಪ್ಲೇ ಗೋಲು ಬಿಟ್ಟು ನೋಡಿದರೆ, ಅವನು ಐಸ್ ಮೇಲಿದ್ದಾಗ ರೆಡ್ ವಿಂಗ್ಸ್ ಬಿಟ್ಟುಕೊಟ್ಟ ಗೋಲಿಗಿಂತ ಹೊಡೆದದ್ದು ಅರವತ್ತು ಜಾಸ್ತಿ. ಫೆಟಿಸೋವ್, ಲಾರಿಯೊನೋವ್, ಫೆಡೊರೊವ್, ಕೊಜ್ಲೊವ್ ಜೊತೆ ಇವನೂ ಸೇರಿದ ಐವರು ರಷ್ಯನ್ನರ ಆಟ ನೋಡಿದ ಊರು ಇದು. 1997ರ ಜೂನ್ 7ರಂದು, 42 ವರ್ಷಗಳ ಬಳಿಕ, ಲೀಗ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಬಂತು.

ಆರೇ ದಿನ. ಕುಡಿದು ಗಾಡಿ ಓಡಿಸಬಾರದೆಂದು ಬಾಡಿಗೆಗೆ ಹಿಡಿದ ಲಿಮೋಸಿನ್ ವುಡ್‌ವರ್ಡ್ ರಸ್ತೆಯಲ್ಲಿ ಮರಕ್ಕೆ ಗುದ್ದಿತು. ಚಾಲಕನ ಲೈಸೆನ್ಸ್ ಮೊದಲೇ ರದ್ದಾಗಿತ್ತು. ಕಾನ್‌ಸ್ಟಾಂಟಿನೋವ್‌ಗೂ ತಂಡದ ಮಸಾಜ್ ಮಾಡುವ ಮ್ನಾತ್ಸಕಾನೋವ್‌ಗೂ ಮಿದುಳಿಗೇ ಪೆಟ್ಟು. ಮರುವರ್ಷ ಮತ್ತೆ ಕಪ್ ಗೆದ್ದಾಗ ಅದನ್ನು ಅವನ ತೊಡೆ ಮೇಲಿಟ್ಟು, ಗಾಲಿಕುರ್ಚಿ ತಳ್ಳಿಕೊಂಡು ಐಸ್ ಸುತ್ತಿದರು.

ಒಮ್ಮೆ ಚಿಕ್ಕಪ್ಪನನ್ನು ಆಟಕ್ಕೆ ಕರೆದುಕೊಂಡು ಹೋಗಿದ್ದೆ. ನಡುವೆ ದೊಡ್ಡ ಪರದೆಯ ಮೇಲೆ ಅವನ ಮುಖ ಬಂತು. ಇಡೀ ಅರೀನಾ ಎದ್ದು ನಿಂತಿತು. ಚಿಕ್ಕಪ್ಪ ಕೈಲಿದ್ದ ಪಾಪ್‌ಕಾರ್ನ್ ಸಮೇತ ಎದ್ದು, "ಏನೋ, ಯಾರಾದ್ರೂ ಮಂತ್ರಿ ಬಂದ್ರಾ?" ಎಂದರು. ಪಕ್ಕದ ಅಜ್ಜಿ ಚಪ್ಪಾಳೆ ನಿಲ್ಲಿಸದೆ ಅಳುತ್ತಿದ್ದರು. ಪರದೆಯಲ್ಲಿ ಅವನು ನಿಧಾನವಾಗಿ ಕೈ ಎತ್ತಿದ. ಹಿಂದೆ ನಿಂತಿದ್ದವರೊಬ್ಬರು ಅವನ ಟೋಪಿ ಸರಿಮಾಡಿದರು.

ಆ ಹಿಂದೆ ನಿಂತ ಆರೈಕೆಯವರ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ. ಮಿಷಿಗನ್‌ನಲ್ಲಿ ವಾಹನ ಅಪಘಾತದಲ್ಲಿ ಪೆಟ್ಟಾದವರ ಚಿಕಿತ್ಸೆಯನ್ನು ವಿಮೆಯೇ ಜೀವನಪೂರ್ತಿ ನೋಡಿಕೊಳ್ಳುತ್ತಿತ್ತು. 2019ರಲ್ಲಿ ಕಾನೂನು ತಿದ್ದಿದರು. 2021ರ ಜುಲೈನಿಂದ ಆರೈಕೆಗೆ ಕೊಡುವ ಹಣ ಕಡಿತವಾಯಿತು. 2022ರಲ್ಲಿ ಇವನ ಹಗಲು-ರಾತ್ರಿಯ ಆರೈಕೆಯೇ ನಿಂತುಹೋಗುವ ಹಾಗಿತ್ತು. ಇಷ್ಟು ಹೆಸರಿದ್ದವನಿಗೇ ಹೀಗಾದರೆ, ಹೆಸರಿಲ್ಲದ ಸಾವಿರಾರು ಜನರ ಗತಿ? ತಿದ್ದುಪಡಿಗೆ ಮೊದಲೇ ಪೆಟ್ಟಾದವರಿಗೆ ಈ ಕಡಿತ ಅನ್ವಯಿಸದು ಎಂದು ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದ್ದು 2023ರಲ್ಲಿ.

ವಾಪಸ್ ಬರುವಾಗ ಕಾರಲ್ಲಿ ಚಿಕ್ಕಪ್ಪನಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಕೇಳಿದರು: "ರಾತ್ರಿ ಹೊತ್ತು ಅವನ ಹತ್ರ ಯಾರಿರ್ತಾರೋ?"