ಲೇಡಿ ರೆಪ್ ಸೀಟು ಬಿಟ್ಟು ಸೆಕ್ರೆಟರಿಗೆ ಯಾಕೆ ನಿಂತೆ?

ಮದುವೆಮನೆ ಪಂಕ್ತಿಯಲ್ಲಿ, ತೀರ್ಥಹಳ್ಳಿ ಬಸ್ಸಿನಲ್ಲಿ, ಈಚೆಗೆ ವಾಟ್ಸಾಪಿನಲ್ಲೂ ಇದೇ. "ಕಾಲೇಜಲ್ಲಿ ಎಲೆಕ್ಷನ್ನಿಗೆ ನಿಂತಿದ್ರಂತೆ ಹೌದಾ? ಲೇಡಿ ರೆಪ್ ಸೀಟು ಇತ್ತಲ್ಲ, ಅದು ಬಿಟ್ಟು ಸೆಕ್ರೆಟರಿಗೆ ಯಾಕೆ ನಿಂತ್ರಿ?" ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಮೊದಲು ಆ "ಅದು ಬಿಟ್ಟು" ಅನ್ನುವ ಮಾತು. ಒಳಗೆ ಹೆಂಗಸರ ಪಂಕ್ತಿ ಹಾಕಿದ್ದರೂ ಜಗಲಿಯಲ್ಲಿ ಎಲೆ ಹಾಕಿಸಿಕೊಂಡು ಕೂತವಳನ್ನು ಕೇಳುವ ಹಾಗೆ ಕೇಳುತ್ತೀರಿ. ನಮ್ಮ ಕಾಲೇಜಿನಲ್ಲಿ ಲೇಡಿ ರೆಪ್ ಅಂದರೆ ಹೆಸರಿಗೆ ಹುಡುಗಿಯರ ಪ್ರತಿನಿಧಿ, ಕೆಲಸ ಅತಿಥಿಗಳಿಗೆ ಆರತಿ, ರಂಗೋಲಿ ಸ್ಪರ್ಧೆಗೆ ಬಣ್ಣ. ಮೀಟಿಂಗಿನಲ್ಲಿ ದುಡ್ಡಿನ ಮಾತು ಬಂತೋ, "ನೀವು ಹೊರಡಿ, ಬಸ್ಸು ತಪ್ಪತ್ತೆ." ದುಡ್ಡಿದ್ದದ್ದು ಸೆಕ್ರೆಟರಿ ಕೈಯಲ್ಲಿ. ನನಗೆ ಬೇಕಿದ್ದದ್ದೂ ದುಡ್ಡೇ, ಒಂದು ಚಿಲಕಕ್ಕೆ ಆಗುವಷ್ಟು.

1988ರ ಮಾತು. ಲೇಡೀಸ್ ರೂಮಿನ ಹಿಂದೆ ಎರಡು ಶೌಚಾಲಯ; ಒಂದಕ್ಕೆ ಸದಾ ಬೀಗ, ಇನ್ನೊಂದಕ್ಕೆ ಚಿಲಕವೇ ಇಲ್ಲ. ಒಳಗೆ ಹೋದವಳು ಬಾಗಿಲ ಅಡ್ಡಪಟ್ಟಿಗೆ ಕೊಡೆಯ ಕೊಕ್ಕೆ ಸಿಕ್ಕಿಸಿ ಎಳೆದು ಹಿಡಿದಿರಬೇಕು, ಹೊರಗೆ ಒಬ್ಬಳು ಕಾಯಬೇಕು. ಮಳೆಗಾಲ ಕಳೆದರೂ ಕೊಡೆ ತರುತ್ತಿದ್ದೆವು. ಮೇಷ್ಟ್ರುಗಳು ಬಿಸಿಲಿಗೆ ಅಂದುಕೊಂಡಿದ್ದರು.

ಭಾಷಣದ ದಿನ ಜಡಿಮಳೆ, ಮೇಲೆ ತಗಡಿನ ಮಾಡು. ಎದುರಾಳಿ, ನಮ್ಮ ಕಡೆಯ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರಿಂದ ಶುರು ಮಾಡಿ 1951ರ ಗೇಣಿದಾರರ ಕಾಗೋಡು ಸತ್ಯಾಗ್ರಹಕ್ಕೆ ಬಂದ, ಚಪ್ಪಾಳೆಯೋ ಚಪ್ಪಾಳೆ. ನಮ್ಮ ಕಡೆ ಆಗ ಗೋಪಾಲಗೌಡರ ಹೆಸರೆತ್ತದೆ ಯಾರೂ ಮೈಕು ಹಿಡಿಯುತ್ತಿರಲಿಲ್ಲ, ಭೂಸುಧಾರಣೆಯಲ್ಲಿ ಗೇಣಿ ಗದ್ದೆ ಹೋಯಿತೆಂದು ಕೊರಗುತ್ತಿದ್ದ ಮನೆಗಳ ಹುಡುಗರೂ ಸೇರಿ. ನನ್ನ ಸರದಿ ಬಂದಾಗ ಬರೆದುಕೊಂಡದ್ದೆಲ್ಲ ಮರೆತುಹೋಯಿತು. "ಗೆದ್ದರೆ ಲೇಡೀಸ್ ಟಾಯ್ಲೆಟ್ಟಿಗೆ ಚಿಲಕ ಹಾಕಿಸ್ತೀನಿ" ಅಂದು ಇಳಿದೆ. ಅದೂ ಮಳೆ ಸದ್ದಿಗೆ ಕೇಳಲಿಲ್ಲವೆಂದು ಇನ್ನೊಮ್ಮೆ ಕಿರುಚಿ ಹೇಳಿದೆ. ಶಿಳ್ಳೆ. ಮರುದಿನದಿಂದ ಬಸ್‌ಸ್ಟ್ಯಾಂಡಿನಲ್ಲಿ ನಾನು ಚಿಲಕದಕ್ಕ.

"ಸೋತ ಮೇಲೆ ರಾಜಕೀಯ ಬಿಟ್ರಾ?" ಬಿಡಲಿಕ್ಕೆ ಅದು ಉಳಿದಿದ್ದರೆ ತಾನೆ! 1989ರಲ್ಲಿ 18 ತುಂಬಿದವರಿಗೆ ಮತದ ಹಕ್ಕು ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಹೊಡೆದಾಟ ಅತಿಯಾಯಿತೆಂದು ಕರ್ನಾಟಕದ ಕಾಲೇಜುಗಳಲ್ಲಿ ಚುನಾವಣೆಯನ್ನೇ ನಿಲ್ಲಿಸಿದರು. ದೆಹಲಿಯ ಸರ್ಕಾರ ಆರಿಸುವಷ್ಟು ದೊಡ್ಡವರಾದ ಹುಡುಗರು ಕಾಲೇಜಿನ ಸೆಕ್ರೆಟರಿಯನ್ನು ಆರಿಸುವಷ್ಟು ದೊಡ್ಡವರಾಗಲಿಲ್ಲ.

ತಂಗಿ ಮಗಳು ಮೊನ್ನೆ ಕಾಲೇಜು ಚುನಾವಣೆಗೆಂದು ಲಿಂಗ್ಡೋ ಸಮಿತಿ ಮಾಡಿದ ನಿಯಮ ಓದಿ ಹೇಳಿದಳು. 2006ರದ್ದು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ, ಅಚ್ಚು ಹಾಕಿಸಿದ ಪೋಸ್ಟರು ಕೂಡದು, ಕೈಬರಹದ್ದೇ ಆಗಬೇಕು. ನಾನು ಅವರಿಗಿಂತ ಮೊದಲೇ ಪಾಲಿಸಿದ್ದೆ! ಹಳೇ ಪೇಪರಿನ ಮೇಲೆ ಬಟ್ಟೆಗೆ ಹಾಕುವ ನೀಲಿ ಕಲಸಿ ಬರೆದು, ಮೈದಾ ಅಂಟಿನಲ್ಲಿ ಅಂಟಿಸಿದ್ದು. ಸಂಜೆಯೊಳಗೆ ನನ್ನ ಹೆಸರು ಗೋಡೆ ಇಳಿದು ಚರಂಡಿ ಸೇರಿತು. ಉಳಿದ ಅಂಟನ್ನು ದನ ನೆಕ್ಕಿತು.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಈವರೆಗೆ ಕೇಳಿಲ್ಲ: ಚಿಲಕ ಬಂತಾ?

ಬಂತು. ಮತದಾನಕ್ಕೆ ಎರಡು ದಿನ ಮುಂಚೆ, ಗಾಂಧಿಬಜಾರಿನಿಂದ. ತಂದು ಹಾಕಿಸಿದವನು ಎದುರಾಳಿ. ಹುಡುಗಿಯರು ಒಬ್ಬೊಬ್ಬರೇ ಹೋಗಿ ಹಾಕಿ ತೆಗೆದು ನೋಡಿ ಬಂದರು. ನಾನೂ ಹೋದೆ. ಹಾಕಿದೆ. ಟಕ್ಕಂತ ಕೂತಿತು. ಎರಡೂ ಕೈ ಖಾಲಿ ಇಟ್ಟುಕೊಂಡು ಒಳಗೆ ನಿಂತಾಗಲೇ ಸೋತೆ ಅಂತ ಗೊತ್ತಾಯಿತು. ಅಷ್ಟು ದಿನ ಹೊರಗೆ ನಿಂತು ನನ್ನನ್ನು ಕಾದವಳೇ ಅವನಿಗೆ ಓಟು ಹಾಕಿದಳು. ಕೇಳಿದ್ದಕ್ಕೆ, "ಹೇಳಿದ್ದು ನೀನು, ಹಾಕ್ಸಿದ್ದು ಅವ್ನಲ್ಲನೇ ಮಾರಾಯ್ತಿ" ಅಂದಳು. ಸಿಟ್ಟು ಬಂತು. ಆದರೆ ನಿಜ ಹೇಳಬೇಕೆಂದರೆ, ಅವಳ ಜಾಗದಲ್ಲಿ ನಾನಿದ್ದರೂ ಅವನಿಗೇ ಹಾಕುತ್ತಿದ್ದೆ.

ನಾಲ್ಕು ತೂತಿಗೆ ಎರಡೇ ಸ್ಕ್ರೂ ಬಿಗಿಸಿದ್ದ. ದೀಪಾವಳಿ ರಜೆ ಮುಗಿಸಿ ಬರುವಷ್ಟರಲ್ಲಿ ಚಿಲಕ ಕಳಚಿ ನೆಲಕ್ಕೆ ಬಿದ್ದಿತ್ತು. ಎತ್ತಿಕೊಂಡು ಸೀದಾ ಸೆಕ್ರೆಟರಿ ಹತ್ತಿರ ಹೋದೆ.

"ಅದು ಲೇಡಿ ರೆಪ್‌ಗೆ ಹೇಳಿ" ಅಂದ.